ಚೀಟಿಯಲ್ಲಿ ಯಾರ ಹೆಸರಿದೆ ನೋಡು

ಮಗ, ಕಾಲಿಗೆ ರಾಡ್ ಹಾಕಿಸಿಕೊಂಡು ಮೈಸೂರಿನಿಂದ ಮನೆಗೆ ಬಂದಿದ್ದೀಯ. ನೋಡಲು ಬಂದವರೆಲ್ಲ ಎಕ್ಸ್‌ರೇ ಕೇಳುತ್ತಾರೆ, ಬೈಕ್ ಎಲ್ಲಿ ಜಾರಿತು ಅಂತ ವಿಚಾರಿಸುತ್ತಾರೆ. ನನ್ನ ಕಣ್ಣು ಗೂಡಿನಲ್ಲಿಟ್ಟಿರುವ ಮಾತ್ರೆ ಚೀಲದ ಮೇಲಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ದಾದಿಯಾಗಿ ದುಡಿದವಳು ನಿನ್ನ ಈ ಅಜ್ಜಿ. ನಿನ್ನ ಮೂಳೆ ಕೂಡುತ್ತದೆ, ಅದರ ಬಗ್ಗೆ ನನಗೆ ಅನುಮಾನವಿಲ್ಲ. ಆ ಚೀಲ ಮಾತ್ರ ಯಾರ್ಯಾರ ಕೈಗೆ ಹೋಗುತ್ತದೋ, ಎಷ್ಟು ದಿನ ಆ ಗೂಡಿನಲ್ಲಿ ಉಳಿಯುತ್ತದೋ, ಅದೇ ನನ್ನ ಯೋಚನೆ. ನಿನ್ನ ತಂಗಿಯನ್ನೂ ನಿನ್ನನ್ನು ನೋಡಲು ಬರುವ ನಿನ್ನ ಜೊತೆಗಾರರನ್ನೂ ಕೂರಿಸಿಕೊಂಡು ಕೇಳು.

ಮೊದಲು ಒಂದು ಮಾತು. ನೋವನ್ನು ಹಲ್ಲು ಕಚ್ಚಿ ತಡೆದುಕೊಳ್ಳಬೇಡ. ‘ಗಂಡಸಲ್ವೇನ್ಲಾ, ಇಷ್ಟಕ್ಕೆಲ್ಲ ಮಾತ್ರೆ ಯಾಕೆ’ ಅನ್ನುವವರು ಬರುತ್ತಾರೆ. ಅವರ ಮಾತು ಕೇಳಿ ಮಾತ್ರೆ ಬಿಟ್ಟರೆ ನೀನು ಕಾಲು ಅಲ್ಲಾಡಿಸುವುದಿಲ್ಲ. ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ಮಾಡುವುದಿಲ್ಲ, ಮಂಡಿ ಬಿಗಿದುಕೊಳ್ಳುತ್ತದೆ. ಮಲಗಿದಲ್ಲೇ ಮಲಗಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಉಂಟು. ಆಪರೇಷನ್ ಆದ ಮೊದಲ ದಿನಗಳಲ್ಲಿ ಡಾಕ್ಟರು ಹೊತ್ತು ಹೊತ್ತಿಗೆ ತೆಗೆದುಕೊ ಅಂತ ಬರೆದಿದ್ದರೆ ಹೊತ್ತು ಹೊತ್ತಿಗೇ ತೆಗೆದುಕೊ. ನೋವು ತಲೆಗೇರಿದ ಮೇಲೆ ಎರಡೆರಡು ನುಂಗುವುದು ಬೇಡ. ‘ನೋವಿದ್ದರೆ ಮಾತ್ರ’ ಅಂತ ಬರೆದದ್ದನ್ನು ನೋವಿದ್ದಾಗ ಮಾತ್ರ ತೆಗೆದುಕೊ. ಚೀಟಿಯಲ್ಲಿ ಈ ಎರಡೂ ಬೇರೆ ಬೇರೆ ಬರೆದಿರುತ್ತವೆ, ಗಮನಿಸು.

ಈಗ ಆ ಚೀಲವನ್ನು ಚಾಪೆಯ ಮೇಲೆ ಸುರಿ. ಪ್ರತಿ ಪಟ್ಟಿಯಲ್ಲೂ ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಇರುವೆ ಸಾಲಿನಂತೆ ಸಣ್ಣಗೆ ಬರೆದಿರುವುದೇ ಒಳಗಿರುವ ಔಷಧಿಯ ಹೆಸರು. ನೀನು ಓದಬೇಕಾದ್ದು ಅದನ್ನು. ಮೆಡಿಕಲ್ಸ್‌ನಲ್ಲಿ ಒಂದು ಹೆಸರಿನಲ್ಲಿ, ಜನೌಷಧಿ ಕೇಂದ್ರದಲ್ಲಿ ಇನ್ನೊಂದು ಹೆಸರಿನಲ್ಲಿ ಒಂದೇ ಔಷಧಿ ಸಿಗುತ್ತದೆ. ಹೆಸರು ಬೇರೆ ಅಂತ ಎರಡನ್ನೂ ನುಂಗಿದವರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ.

ನಿನ್ನ ಚೀಲದಲ್ಲಿ ಅಸಿಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆ ಇದೆ, ದಿನಕ್ಕೆ ಎರಡು. ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್ ಸೇರಿದ್ದು ಇನ್ನೊಂದು, ದಿನಕ್ಕೆ ಮೂರರವರೆಗೆ. ಎರಡರಲ್ಲೂ ಮಾತ್ರೆಗೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್. ಅಲ್ಲಿಗೆ 650 ಮತ್ತು 975 ಆಯಿತು. ಈಗ ಸಂಜೆ ಮೈ ಬೆಚ್ಚಗಾಯಿತು ಅಂತ ನಿನ್ನ ಅಮ್ಮ ಮನೆಯಲ್ಲಿದ್ದ ಜ್ವರದ 650ರ ಮಾತ್ರೆಯನ್ನು ದಿನಕ್ಕೆ ನಾಲ್ಕು ಸಲ ಕೊಟ್ಟಳು ಅಂತಿಟ್ಟುಕೊ, ಅದು 2,600. ಒಟ್ಟು 4,225 ಮಿಲಿಗ್ರಾಂ. ಗಟ್ಟಿಮುಟ್ಟಾದ ದೊಡ್ಡವರಿಗೂ ದಿನಕ್ಕೆ 4,000 ಮೀರಬಾರದು. ಸಣಕಲು ಮೈಯವರಿಗೆ, ವಯಸ್ಸಾದವರಿಗೆ, ಕುಡಿಯುವವರಿಗೆ, ಲಿವರ್ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ. ಇಲ್ಲಿ ಯಾರೂ ತಪ್ಪು ಮಾಡಿದ ಹಾಗೆ ಕಾಣುವುದಿಲ್ಲ. ಡಾಕ್ಟರು ಸರಿಯಾಗಿಯೇ ಬರೆದರು, ಅಮ್ಮ ಪ್ರೀತಿಯಿಂದ ಕೊಟ್ಟಳು. ಲಿವರ್‌ಗೆ ಮಾತ್ರ ಲೆಕ್ಕ ಮೀರಿತು. ಪ್ಯಾರಾಸಿಟಮಾಲ್ ಹೆಚ್ಚಾದರೆ ಮೊದಲ ದಿನ ಏನೂ ಗೊತ್ತಾಗದೆ ಇರಬಹುದು, ಮನುಷ್ಯ ಎದ್ದು ಓಡಾಡಿಕೊಂಡೇ ಇರುತ್ತಾನೆ. ಹೆಚ್ಚು ನುಂಗಿದ್ದು ಗೊತ್ತಾದ ಕೂಡಲೇ, ಚೆನ್ನಾಗಿದ್ದರೂ ಆಸ್ಪತ್ರೆಗೆ ಹೋಗಬೇಕು. ಅದಕ್ಕೆ ಮದ್ದು ಉಂಟು, ಬೇಗ ಹೋದಷ್ಟೂ ಕೆಲಸ ಮಾಡುತ್ತದೆ.

ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್, ಇವೆಲ್ಲ ಒಂದೇ ಕುಲದವು. ಊತ ಇಳಿಸುತ್ತವೆ, ನೋವು ತಗ್ಗಿಸುತ್ತವೆ. ಹೊಟ್ಟೆಯ ಒಳಪೊರೆಯನ್ನು ಕಾಯುವ ಶಕ್ತಿಯನ್ನೂ, ಕಿಡ್ನಿಗೆ ಹರಿಯುವ ರಕ್ತವನ್ನೂ ಕುಗ್ಗಿಸುತ್ತವೆ. ಈ ಕುಲದ ಒಂದನ್ನು ತೆಗೆದುಕೊಳ್ಳುವಾಗ ಇನ್ನೊಂದನ್ನು ಸೇರಿಸಬಾರದು. ಖಾಲಿ ಹೊಟ್ಟೆಗೆ ಬೇಡ, ಎರಡು ಬಾಯಿ ಮುದ್ದೆಯಾದರೂ ತಿಂದ ಮೇಲೆ ತೆಗೆದುಕೊ. ಡಾಕ್ಟರು ಜೊತೆಗೆ ಬರೆದಿರುವ ಗ್ಯಾಸ್ ಮಾತ್ರೆಯನ್ನು ‘ನನಗೆ ಗ್ಯಾಸ್ ಇಲ್ಲ’ ಅಂತ ಬಿಡಬೇಡ, ಅದು ಹೊಟ್ಟೆಯ ಕಾವಲಿಗೆ ಕೊಟ್ಟದ್ದು. ಮಲ ಟಾರಿನಂತೆ ಕಪ್ಪಗಾದರೆ, ಉಚ್ಚೆ ಕಡಿಮೆಯಾದರೆ, ಮುಖ ಅಥವಾ ಪಾದ ಊದಿದರೆ ಮಾತ್ರೆ ನಿಲ್ಲಿಸಿ ಅದೇ ದಿನ ಡಾಕ್ಟರಿಗೆ ತೋರಿಸು.

ಇದು ಶ್ರಾವಣ. ಹೊರಗೆ ಚೆಂಡುಹೂ ಬಿಡಿಸುವ ಕಾಲ, ಓಣಂಗೆಂದು ಕೇರಳಕ್ಕೆ ಲೋಡು ಹೋಗುವ ಕಾಲ. ಹೊತ್ತು ಮೂಡುವ ಮೊದಲೇ ಹೊಲಕ್ಕಿಳಿದು ಬಗ್ಗಿದ ಸೊಂಟ ಎತ್ತದೆ ಹೂ ಕೀಳುವ ಹೆಂಗಸರು ನಮ್ಮ ಬೀದಿಯಲ್ಲೇ ಎಷ್ಟು ಜನ! ಸಂಜೆ ಯಾರಾದರೂ ಬಾಗಿಲಿಗೆ ಬಂದೇ ಬರುತ್ತಾರೆ. ‘ಅಕ್ಕ, ಸೊಂಟ ಹಿಡ್ಕಬುಟ್ಟದೆ ಕನಕ್ಕ, ನಿಮ್ ಹುಡುಗುಂಗೆ ಕೊಟ್ಟವರಲ್ಲ, ಆ ಮಾತ್ರೆ ಒಂದು ಕೊಡಿ.’ ಇಲ್ಲ ಅನ್ನುವುದು ಕಷ್ಟ. ಅವರ ನೋವು ಸುಳ್ಳಲ್ಲ. ಇಡೀ ದಿನ ಬಿಸಿಲಲ್ಲಿ ನೀರು ಕುಡಿಯದೆ ದುಡಿದು ಬಂದ ಮೈಗೆ ಈ ಮಾತ್ರೆ ಬಿದ್ದರೆ ಕಿಡ್ನಿಗೆ ಪೆಟ್ಟು. ಅವರಿಗೆ ಹೊಟ್ಟೆಹುಣ್ಣು ಇದೆಯೋ, ಆಸ್ತಮಾ ಇದೆಯೋ, ಬಸುರಿಯೋ ನಿನಗೆ ಗೊತ್ತಿಲ್ಲ. ಬಸಿರು ಐದು ತಿಂಗಳು ದಾಟುತ್ತಾ ಬಂದಾಗ ಈ ಕುಲದ ಮಾತ್ರೆ ಮಗುವಿನ ಕಿಡ್ನಿಗೂ ಗರ್ಭದ ನೀರಿಗೂ ತೊಂದರೆ ಮಾಡುತ್ತದೆ, ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯಕ್ಕೂ. ಕೂರಿಸು, ನೀರು ಕೊಡು, ಬಿಸಿನೀರಿನ ಶಾಖ ಕೊಟ್ಟುಕೊಳ್ಳಲು ಹೇಳು, ಬೆಳಿಗ್ಗೆ ಗುಂಡ್ಲುಪೇಟೆ ಆಸ್ಪತ್ರೆಗೆ ಹೋಗಲು ಜೊತೆ ಮಾಡಿಕೊಡು. ನಿನ್ನ ಮಾತ್ರೆ ಕೊಡಬೇಡ.

ನಿನ್ನ ಅಪ್ಪನಿಗಂತೂ ಕೊಡಲೇಬೇಡ. ಅವನು ಬಿಪಿಗೆ ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುತ್ತಾನೆ, ಅದೇ ಮಾತ್ರೆಯಲ್ಲಿ ಉಚ್ಚೆ ಹೆಚ್ಚಿಸುವ ಔಷಧಿಯೂ ಸೇರಿದೆ. ಈ ಎರಡರ ಮೇಲೆ ನಿನ್ನ ನೋವಿನ ಮಾತ್ರೆ ಮೂರನೆಯದಾಗಿ ಬಿದ್ದರೆ, ಅದರಲ್ಲೂ ಭೇದಿಯಾಗಿಯೋ ಬಿಸಿಲಿಗೋ ಮೈ ಒಣಗಿದಾಗ ಬಿದ್ದರೆ, ಕೆಲವು ದಿನಗಳಲ್ಲೇ ಕಿಡ್ನಿ ಕೈಕೊಡಬಹುದು. ಮಂಡಿನೋವು ಅಂತ ಅವನು ರಾತ್ರಿ ಎದ್ದು ನಿನ್ನ ಗೂಡಿಗೆ ಕೈ ಹಾಕುವವನೇ. ನನಗೆ ಗೊತ್ತು ಅವನ ಬುದ್ಧಿ, ನನ್ನ ಮಗ ತಾನೆ.

ನೋವಿನ ಮಾತ್ರೆ ಅಂದರೆ ಮೇಲೆ ವಿಳಾಸ ಬರೆದ ಕಾಗದ ಇದ್ದ ಹಾಗೆ. ಇಂಥವರಿಗೆ, ಇಂಥ ನೋವಿಗೆ, ಇಷ್ಟು ದಿನಕ್ಕೆ ಅಂತ ಬರೆದಿರುತ್ತದೆ. ತಪ್ಪಿದ ಮನೆಗೆ ಹೋದರೆ ಏನಾಗುತ್ತದೆ ಅನ್ನುವುದನ್ನು ನಮ್ಮ ಗೋಪಾಲಸ್ವಾಮಿ ಬೆಟ್ಟದ ಸುತ್ತಿನವರು ಬೇರೆಲ್ಲೂ ಹುಡುಕಬೇಕಿಲ್ಲ.

ಬೆಟ್ಟಕ್ಕೆ ಕಾಗೆ ಬರುವುದಿಲ್ಲ ಅನ್ನುವ ಕಥೆ ನಿನಗೆ ಗೊತ್ತು, ಅಲ್ಲಿನ ಹಂಸತೀರ್ಥದಲ್ಲಿ ಮುಳುಗಿದ ಕಾಗೆ ಹಂಸವಾಯಿತು ಅಂತ. ಅದು ಭಕ್ತಿಯ ಕಥೆ. ರಣಹದ್ದು ಯಾಕೆ ಕಡಿಮೆಯಾಯಿತು ಅನ್ನುವ ಕಥೆಯನ್ನು ಮಾತ್ರ ನಮ್ಮಲ್ಲಿ ಯಾರೂ ಮಕ್ಕಳಿಗೆ ಹೇಳುವುದಿಲ್ಲ. ನಾನು ಚಿಕ್ಕವಳಿದ್ದಾಗ ದನ ಸತ್ತರೆ ಊರಾಚೆ ಎಳೆದು ಹಾಕುತ್ತಿದ್ದರು. ಎಲ್ಲಿಂದಲೋ ಹದ್ದುಗಳು ಇಳಿಯುತ್ತಿದ್ದವು, ಎಲುಬು ಮಾತ್ರ ಉಳಿಯುತ್ತಿತ್ತು. ನಿನ್ನ ಅಪ್ಪ ಬೆಳೆದು ಮದುವೆಯಾಗುವ ಹೊತ್ತಿಗೆ ದೇಶದ ತುಂಬ ಅವು ಕಾಣೆಯಾಗುತ್ತಾ ಬಂದವು. 1992ರಿಂದ 2007ರ ನಡುವೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು ನೂರಕ್ಕೆ 99ಕ್ಕಿಂತ ಹೆಚ್ಚು ಅಳಿಯಿತು. ರೋಗವೋ, ಕೀಟನಾಶಕವೋ ಅಂತ ತಲೆ ಕೆಡಿಸಿಕೊಂಡಿದ್ದ ವಿಜ್ಞಾನಿಗಳಿಗೆ 2004ರಲ್ಲಿ ಉತ್ತರ ಸಿಕ್ಕಿತು. ಡೈಕ್ಲೋಫೆನಾಕ್. ಕುಂಟುವ ಎತ್ತಿಗೆ, ಜ್ವರ ಬಂದ ಹಸುವಿಗೆ ಚುಚ್ಚುತ್ತಿದ್ದ ನೋವಿನ ಸೂಜಿ. ಸೂಜಿ ಹಾಕಿಸಿಕೊಂಡ ದನ ಒಂದೆರಡು ದಿನದಲ್ಲಿ ಸತ್ತರೆ ಔಷಧಿ ಮಾಂಸದಲ್ಲೇ ಉಳಿದಿರುತ್ತಿತ್ತು. ಅದನ್ನು ತಿಂದ ಹದ್ದಿನ ಕಿಡ್ನಿ ನಿಂತು, ಯೂರಿಕ್ ಆಮ್ಲ ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದಂತೆ ಬೆಳ್ಳಗೆ ಕೂರುತ್ತಿತ್ತು, ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತಿತ್ತು.

2006ರಲ್ಲಿ ಸರ್ಕಾರ ದನಗಳ ಡೈಕ್ಲೋಫೆನಾಕ್ ತಯಾರಿಕೆ ನಿಲ್ಲಿಸಿತು. ಆದರೂ ಸಾವು ನಿಲ್ಲಲಿಲ್ಲ. ಯಾಕೆ ಗೊತ್ತೇ? ಮನುಷ್ಯರಿಗೆಂದು ಬರುತ್ತಿದ್ದ 30 ಮಿಲಿಲೀಟರಿನ ದೊಡ್ಡ ಸೀಸೆಯನ್ನು ಮೆಡಿಕಲ್ಸ್‌ನಿಂದ ತಂದು ದನಕ್ಕೆ ಚುಚ್ಚುತ್ತಿದ್ದರು. ಕಡೆಗೆ 2015ರಲ್ಲಿ ಮನುಷ್ಯರ ಸೀಸೆಯನ್ನೂ ಒಂದು ಸಲಕ್ಕಾಗುವ 3 ಮಿಲಿಲೀಟರಿಗೆ ಇಳಿಸಬೇಕಾಯಿತು. ನಿನ್ನ ಚೀಲದಲ್ಲಿರುವ ಅಸಿಕ್ಲೋಫೆನಾಕ್ ಇದೆಯಲ್ಲ, ದನದ ಮೈಯೊಳಗೆ ಅದೂ ಡೈಕ್ಲೋಫೆನಾಕ್ ಆಗಿಬಿಡುತ್ತದೆ. 2023ರಲ್ಲಿ ಅದನ್ನೂ ಕೀಟೊಪ್ರೊಫೆನ್ ಅನ್ನೂ ದನಗಳಿಗೆ ಕೊಡದಂತೆ ನಿಷೇಧಿಸಿದರು. ಬಂಡೀಪುರ, ಮುದುಮಲೆ, ವಯನಾಡಿನ ಈ ಕಾಡಿನ ಪಟ್ಟಿ ದಕ್ಷಿಣದಲ್ಲಿ ರಣಹದ್ದುಗಳು ಇನ್ನೂ ಉಳಿದಿರುವ ಮುಖ್ಯ ಜಾಗ. ಅವು ತಿನ್ನುವುದು ಕಾಡಿನ ಪ್ರಾಣಿಯನ್ನಷ್ಟೇ ಅಲ್ಲ, ಕಾಡಂಚಿನಲ್ಲಿ ಸತ್ತ ನಮ್ಮ ದನವನ್ನೂ. ಆದ್ದರಿಂದ ನಿನ್ನ ಉಳಿದ ಮಾತ್ರೆಯನ್ನು ಅರೆದು ಕುಂಟುವ ಎತ್ತಿಗೆ ಕುಡಿಸುತ್ತೇನೆ ಅಂತ ನಿನ್ನ ಚಿಕ್ಕಪ್ಪ ಬಂದರೆ ತಡೆ. ದನದ ಡಾಕ್ಟರನ್ನು ಕರೆಸಲಿ, ಹದ್ದಿಗೆ ತೊಂದರೆ ಮಾಡದ ಮೆಲಾಕ್ಸಿಕಾಂ ಅನ್ನುವ ಔಷಧಿ ಅವರ ಹತ್ತಿರ ಇದೆ. ಹದ್ದಿನ ಕಿಡ್ನಿಗೆ ಆದದ್ದೇ ನಿನಗೂ ಆಗುತ್ತದೆ ಅಂತ ಹೆದರಿಸುತ್ತಿಲ್ಲ ಮಗ. ನಿನ್ನ ಡಾಕ್ಟರು ಲೆಕ್ಕ ಹಾಕಿ ಬರೆದ ದಿನಗಳಿಗೆ ನಿನ್ನ ಮೈ ಅದನ್ನು ಅರಗಿಸಿಕೊಳ್ಳುತ್ತದೆ. ಒಂದು ಮೈಗೆ ಒಗ್ಗಿದ್ದು ಇನ್ನೊಂದು ಮೈಗೆ ವಿಷವಾಗಬಹುದು ಅನ್ನುವುದಕ್ಕೆ ಇಷ್ಟು ದೊಡ್ಡ ಸಾಕ್ಷಿ ನಮ್ಮ ತಲೆಯ ಮೇಲೇ ಇರುವಾಗ ಹೇಳದೆ ಇರಲಾರೆ.

ಇನ್ನೊಂದು ವಿಷಯ, ಇದು ನಿನ್ನ ಜೊತೆಗಾರರಿಗೆ. ಸಂತೆಯ ದಿನ ಬಂದು ಕೂರುವ, ಬೋರ್ಡಿಲ್ಲದ ‘ಡಾಕ್ಟರ’ ಹತ್ತಿರ ಹೋಗಿ ಕಾಗದದ ಪೊಟ್ಟಣದಲ್ಲಿ ಬಿಡಿ ಬಿಡಿ ಬಣ್ಣದ ಮಾತ್ರೆ ತರುತ್ತೀರಿ. ‘ಅವರ ಕೈಗುಣ ಚೆನ್ನಾಗದೆ, ಒಂದೇ ದಿನಕ್ಕೆ ನೋವು ಹೋಯ್ತು’ ಅನ್ನುತ್ತೀರಿ. ಒಂದೇ ದಿನಕ್ಕೆ ಕೀಲುನೋವು ಹೋಯಿತು ಅಂದರೆ ಪೊಟ್ಟಣದಲ್ಲಿ ಸ್ಟೀರಾಯ್ಡ್ ಇದೆಯೇನೋ ಅಂತ ನನ್ನ ಮೊದಲ ಅನುಮಾನ. ತಿಂಗಳುಗಟ್ಟಲೆ ನುಂಗಿದವರ ಮುಖ ಗುಂಡಗೆ ಊದಿಕೊಳ್ಳುತ್ತದೆ, ಶುಗರ್ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ತಟ್ಟನೆ ಬಿಟ್ಟರೆ ಮೈ ಕುಸಿದು ಜೀವಕ್ಕೇ ಬರಬಹುದು. ಹಾಗಾಗಿ ಈಗಾಗಲೇ ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವವರು ಇದನ್ನು ಕೇಳಿ ಇವತ್ತೇ ಎಸೆಯಬೇಡಿ. ಪೊಟ್ಟಣದ ಸಮೇತ ಆಸ್ಪತ್ರೆಗೆ ಬನ್ನಿ. ಹೆಸರಿಲ್ಲದ ಡಬ್ಬಿಯಲ್ಲಿ ಬರುವ ‘ನಾಟಿ’ ಪುಡಿಗೂ ಇದೇ ಮಾತು. ಗಿಡಮೂಲಿಕೆಯನ್ನು ನಾನು ಹೀಗಳೆಯುತ್ತಿಲ್ಲ, ಒಳಗೆ ಏನಿದೆ ಅಂತ ಹೇಳದವನನ್ನು ನಂಬುವುದಿಲ್ಲ ಅಷ್ಟೆ.

ಮಳೆಗಾಲದ ಜ್ವರಕ್ಕೆ ಮೈಕೈ ನೋವು ಜೋರಾಗಿದ್ದರೆ ಡೆಂಗಿ ಅಲ್ಲ ಅಂತ ಗೊತ್ತಾಗುವವರೆಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಯಾವುದೂ ಬೇಡ. ರಕ್ತಸ್ರಾವ ಹೆಚ್ಚುತ್ತದೆ. ಲೆಕ್ಕದೊಳಗಿನ ಪ್ಯಾರಾಸಿಟಮಾಲ್ ಮತ್ತು ಧಾರಾಳ ನೀರು, ಅಷ್ಟೇ.

ಈಗ ಆ ಇನ್ನೊಂದು ಪಟ್ಟಿ, ಟ್ರಮಡಾಲ್. ಅದರ ಮೇಲಿನ ಕೆಂಪು ಗುರುತು, ಕೆಂಪು ಚೌಕಟ್ಟಿನ ಎಚ್ಚರಿಕೆ ನೋಡು. ಶೆಡ್ಯೂಲ್ ಎಚ್1 ಅನ್ನುತ್ತಾರೆ. 2014ರಿಂದ ಈ ಶೆಡ್ಯೂಲಿನ ಔಷಧಿಗಳನ್ನು ಮಾರಿದಾಗ ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಡಾಕ್ಟರ ಹೆಸರು, ರೋಗಿಯ ಹೆಸರು ಬರೆದು ಮೂರು ವರ್ಷ ಇಟ್ಟಿರಬೇಕು. 2018ರಲ್ಲಿ ಟ್ರಮಡಾಲನ್ನು ಮಾದಕವಸ್ತು ಕಾಯಿದೆಯ ಕೆಳಗೂ ತಂದರು. ಇದು ಅಫೀಮಿನ ದಾರಿಯಲ್ಲಿ ಕೆಲಸ ಮಾಡುವ ಔಷಧಿ, ಮಿದುಳಿನಲ್ಲೇ ನೋವಿನ ಸದ್ದು ತಗ್ಗಿಸುತ್ತದೆ. ಮೊದಲ ದಿನಗಳಲ್ಲಿ ತಲೆ ಸುತ್ತುತ್ತದೆ, ವಾಕರಿಕೆ ಬರುತ್ತದೆ, ಮಂಪರು ಇರುತ್ತದೆ. ಊರುಗೋಲಿನಲ್ಲಿ ಬಚ್ಚಲಿಗೆ ಹೋಗುವಾಗ ತಂಗಿಯನ್ನು ಕರೆ. ಮಲಬದ್ಧತೆಯೂ ಆಗಬಹುದು. ಬಾಳೆಹಣ್ಣು, ಸೊಪ್ಪು, ನೀರು ಮೊದಲ ದಿನದಿಂದಲೇ ಶುರು ಮಾಡು, ಮೂರು ದಿನ ಆಗದಿದ್ದರೆ ನಾಚಿಕೆ ಬಿಟ್ಟು ಹೇಳು. ಮೂರ್ಛೆರೋಗ ಇದ್ದವರಿಗೂ, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರಿಗೂ ಟ್ರಮಡಾಲ್ ಅಪಾಯ ತರಬಹುದು. ಆ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದೇನೆ ಅಂತ ಡಾಕ್ಟರ ಹತ್ತಿರ ಮುಚ್ಚಿಡಬಾರದು. ಹನ್ನೆರಡು ವರ್ಷದೊಳಗಿನ ಮಕ್ಕಳ ಕೈಗಂತೂ ಸಿಗಲೇಬಾರದು.

ಈ ಮಾತ್ರೆ ತೆಗೆದುಕೊಳ್ಳುವಷ್ಟು ದಿನ ಹೆಂಡ ಬೇಡ, ಒಂದು ಗುಟುಕೂ ಬೇಡ. ನಿದ್ದೆ ಮಾತ್ರೆಯೂ ಬೇಡ. ಮೂರೂ ಉಸಿರನ್ನು ನಿಧಾನ ಮಾಡುವಂಥವು, ಸೇರಿದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು. ನಿನ್ನ ಗೆಳೆಯರು ‘ನೋವು ಮರೀತದೆ ಬಾ’ ಅಂತ ಬಾಟಲಿ ತಂದರೆ ಈ ಅಜ್ಜಿಯ ಹೆಸರು ಹೇಳಿ ವಾಪಸು ಕಳಿಸು. ಕಾಲು ನೆಟ್ಟಗಾಯಿತು ಅಂತ ಮಾತ್ರೆ ನುಂಗಿ ಬೈಕ್ ಹತ್ತಬೇಡ. ಊಟಿ ರಸ್ತೆಯಲ್ಲಿ ಆನೆ ಅಡ್ಡ ಬಂದಾಗ ಬ್ರೇಕ್ ಹಿಡಿಯಬೇಕಾದ ಕ್ಷಣದಲ್ಲಿ ಮಂಪರು ಇದ್ದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಯಾರಾದರೂ ಇಂಥ ಮಾತ್ರೆ ಹೆಚ್ಚು ತೆಗೆದುಕೊಂಡು ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾಗಿ ಗೊರಗೊರ ಅನ್ನುತ್ತಿದ್ದರೆ, ತುಟಿ ನೀಲಿಯಾಗಿದ್ದರೆ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿದ್ದರೆ ‘ಮಲಗಿ ಎದ್ದರೆ ಸರಿಹೋಗ್ತದೆ’ ಅಂತ ಬಿಡಬೇಡಿ. ಹುಣಸೆ ನೀರು, ಮಜ್ಜಿಗೆ, ಉಪ್ಪುನೀರು ಯಾವುದನ್ನೂ ಕುಡಿಸಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ, ಏನು ನುಂಗಿದ್ದು ಅಂತ ಪಟ್ಟಿ ಸಮೇತ ತಿಳಿಸಿ. ಆಸ್ಪತ್ರೆಯಲ್ಲಿ ಇದನ್ನು ಇಳಿಸುವ ನಲಾಕ್ಸೋನ್ ಅನ್ನುವ ಸೂಜಿ ಇರುತ್ತದೆ. ಪೊಲೀಸು ಕೇಸು ಆಗುತ್ತದೆ ಅನ್ನುವ ಹೆದರಿಕೆಗೆ ಹುಡುಗನ ಪ್ರಾಣ ಕೊಡಬೇಡಿ.

ಇದನ್ನೆಲ್ಲ ಕೇಳಿ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ, ಅದೂ ನನಗೆ ಸಂಕಟ. ನಮ್ಮ ಬೀದಿಯಲ್ಲಿ ಒಬ್ಬರಿಗೆ ಬಾಯಿ ಕ್ಯಾನ್ಸರ್ ಬಂದಿತ್ತು. ಡಾಕ್ಟರು ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದರು, ನಾಲ್ಕು ಗಂಟೆಗೊಮ್ಮೆ ಅಂತ. ಮನೆಯವರು ಚಟ ಹತ್ತುತ್ತದೆ ಅಂತ ಹೆದರಿ ಅರ್ಧ ಮಾತ್ರೆ ಮಾಡಿ, ಅದನ್ನೂ ರಾತ್ರಿ ಒಂದು ಸಲ ಕೊಡುತ್ತಿದ್ದರು. ಆ ಮನುಷ್ಯ ದವಡೆ ಹಿಡಿದುಕೊಂಡು ಗೋಡೆಗೆ ತಲೆ ಒರಗಿಸಿ ಬೆಳಗು ಮಾಡುತ್ತಿದ್ದರು. ನಾನು ಹೋಗಿ ಕೂತು, ಬರೆದ ಪ್ರಕಾರ ಕೊಡಿಸಲು ಶುರು ಮಾಡಿಸಿದ ಮೇಲೆ ಅವರು ನಿದ್ದೆ ಮಾಡಿದರು, ರಾಗಿ ಗಂಜಿ ಕುಡಿದರು, ಮಗಳ ಜೊತೆ ಮಾತಾಡಿದರು. ಕೊನೆಯ ತಿಂಗಳು ಅವರಿಗೆ ಸಿಕ್ಕಿದ್ದು ಅಷ್ಟು. ಅಷ್ಟು ಸಿಕ್ಕಿತಲ್ಲ.

ನಮ್ಮ ದೇಶದಲ್ಲೇ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿ ಪಡೆದು ಮಾರ್ಫಿನ್‌ಗೆ ಮೂಲವಾದ ಅಫೀಮು ಬೆಳೆಯುತ್ತಾರೆ, ಜಗತ್ತಿನ ಔಷಧಿಗೆ ಕಳಿಸುತ್ತಾರೆ. 1985ರ ಮಾದಕವಸ್ತು ಕಾಯಿದೆ ಬಂದ ಮೇಲೆ ಪರವಾನಗಿಯ ಮೇಲೆ ಪರವಾನಗಿ ಕೇಳಿ, ಆಸ್ಪತ್ರೆಗಳು ಮಾರ್ಫಿನ್ ಇಡುವುದೇ ಬೇಡ ಅಂತ ಕೈಬಿಟ್ಟವು. 2014ರಲ್ಲಿ ತಿದ್ದುಪಡಿ ಮಾಡಿ ದಾರಿ ಸಲೀಸು ಮಾಡಿದರು. ಕಾಡು ದಾಟಿದರೆ ಸಿಗುವ ಕೇರಳದವರು ಇದರಲ್ಲಿ ನಮಗಿಂತ ಮುಂದೆ. 1993ರಲ್ಲಿ ಡಾಕ್ಟರ್ ಎಂ.ಆರ್. ರಾಜಗೋಪಾಲ್ ಮತ್ತು ಜೊತೆಗಾರರು ಕೋಳಿಕ್ಕೋಡಿನಲ್ಲಿ ಶುರು ಮಾಡಿದ ನೋವು ಶಮನದ ಕೆಲಸ ಊರೂರಿನ ಸ್ವಯಂಸೇವಕರಿಗೆ ಹಬ್ಬಿತು. ನಮ್ಮಲ್ಲೂ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಕೇಳದೆ ನೋಡಿಕೊಳ್ಳುವ ಕರುಣಾಶ್ರಯ ಇದೆ. ಮನೆಯಲ್ಲಿ ಯಾರಾದರೂ ಅಂಥ ನೋವಿನಲ್ಲಿದ್ದರೆ ‘ನೋವಿಗೆ ಏನು ಮಾಡುತ್ತೀರಿ’ ಅಂತ ಡಾಕ್ಟರನ್ನು ಬಾಯಿ ಬಿಟ್ಟು ಕೇಳಿ.

ಹೀಗೆ ನೋವಿದ್ದೂ ಮದ್ದು ಸಿಗದ ಹಾಡಿಯ ಮಕ್ಕಳ ವಿಷಯವೂ ಹೇಳಿಬಿಡುತ್ತೇನೆ. ಸೋಲಿಗರಲ್ಲಿ, ಜೇನುಕುರುಬರಲ್ಲಿ ಕುಡುಗೋಲು ಕಣದ ರಕ್ತಹೀನತೆ ಇರುವವರಿದ್ದಾರೆ, ಸಿಕಲ್ ಸೆಲ್ ಅಂತ. ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡಾಗ ಕೈಕಾಲು, ಬೆನ್ನು, ಎದೆ ಕಿತ್ತು ಬರುವ ನೋವು. ಹೊರಗಿನಿಂದ ಗಾಯ ಕಾಣುವುದಿಲ್ಲ, ಅದಕ್ಕೇ ‘ನಾಟಕ’ ಅನ್ನಿಸಿಕೊಳ್ಳುತ್ತಾರೆ, ‘ಮಾತ್ರೆ ಚಟ’ ಅನ್ನಿಸಿಕೊಳ್ಳುತ್ತಾರೆ. ಅವರ ಕಿಡ್ನಿಗೆ ಮೊದಲೇ ತೊಂದರೆ ಇರಬಹುದಾದ್ದರಿಂದ ಅಂಗಡಿಯ ಡೈಕ್ಲೋಫೆನಾಕ್ ನುಂಗಿ ದಿನ ದೂಡುವುದು ಇನ್ನೂ ಅಪಾಯ. 2023ರಿಂದ ಕೇಂದ್ರ ಸರ್ಕಾರದ ಅಭಿಯಾನದಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಸುದರ್ಶನ್ 1981ರಲ್ಲಿ ಕಟ್ಟಿದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ ಸೋಲಿಗರ ನೋವನ್ನು ಬಲ್ಲದು. ನಿನ್ನ ಜೊತೆ ಓದಿದ ಹಾಡಿಯ ಹುಡುಗ ನೋವು ಅಂದರೆ ನಂಬು, ನೀರು ಕುಡಿಸು, ಆಸ್ಪತ್ರೆಗೆ ಕರೆದುಕೊಂಡು ಹೋಗು.

ಇನ್ನು ಚಟದ ಮಾತು. ಕೆಲವು ದಿನ, ಬರೆದ ಪ್ರಮಾಣದಲ್ಲಿ, ಆಪರೇಷನ್ ನೋವಿಗೆ ತೆಗೆದುಕೊಂಡವರಲ್ಲಿ ಬಹುಪಾಲು ಜನ ಸುಮ್ಮನೆ ಬಿಟ್ಟು ಹೊರಬರುತ್ತಾರೆ. ದಿನ ಬೆಳೆದಷ್ಟೂ ಅಪಾಯ ಬೆಳೆಯುತ್ತದೆ. ನೋವು ಕಡಿಮೆಯಾಗಿದ್ದರೂ ಮಾತ್ರೆಯ ಹೊತ್ತಿಗೆ ಮನಸ್ಸು ಕಾಯುತ್ತಿದ್ದರೆ, ನಿದ್ದೆಗೆ, ಬೇಜಾರಿಗೆ ಒಂದು ನುಂಗೋಣ ಅನ್ನಿಸಿದರೆ, ಡಾಕ್ಟರಿಗೆ ಗೊತ್ತಾಗದಂತೆ ಇನ್ನೊಂದು ಅಂಗಡಿ ಹುಡುಕಿದರೆ, ಆ ದಿನವೇ ನನಗೆ ಹೇಳು. ಬೈಯುವುದಿಲ್ಲ, ಆಣೆ. ಹುಡುಗರು ಟ್ರಮಡಾಲ್, ಟ್ಯಾಪೆಂಟಡಾಲ್ ಮಾತ್ರೆಗಳನ್ನು ಮತ್ತಿಗಾಗಿ ಬಳಸುವುದು ನಮ್ಮ ರಾಜ್ಯದ ಊರುಗಳಿಗೂ ಬಂದಿದೆ. ಅವರನ್ನು ಕೆಟ್ಟವರು ಅಂತ ದೂರ ಮಾಡಿದರೆ ಅವರು ಆಸ್ಪತ್ರೆಯಿಂದಲೂ ದೂರವಾಗುತ್ತಾರೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಹಿಂದಿದೆ. ಚಟ ಬಿಡಿಸುವುದಕ್ಕೆಂದೇ 14446 ಇದೆ. ವಾರಗಟ್ಟಲೆ ಟ್ರಮಡಾಲ್ ತೆಗೆದುಕೊಂಡವರು ತಟ್ಟನೆ ಬಿಟ್ಟರೆ ಬೆವರು, ನಡುಕ, ಭೇದಿ, ನಿದ್ದೆಗೆಡುವುದು ಬರುತ್ತದೆ. ಅದು ಮೈ ಒಗ್ಗಿಕೊಂಡದ್ದರ ಗುರುತು, ಡಾಕ್ಟರು ಮೆಲ್ಲಮೆಲ್ಲಗೆ ಇಳಿಸಿ ಬಿಡಿಸುತ್ತಾರೆ.

ಚೀಲವನ್ನು ಇನ್ನು ಆ ಗೂಡಿನಲ್ಲಿ ಬಿಡದೆ ನನ್ನ ಟ್ರಂಕಿನಲ್ಲಿ ಬೀಗ ಹಾಕಿ ಇಡುತ್ತೇನೆ, ಹೊತ್ತಿಗೆ ನಾನೇ ಕೊಡುತ್ತೇನೆ. ಕ್ಯಾಲೆಂಡರಿನಲ್ಲಿ ಗೆರೆ ಹಾಕಿಕೊ, ಎಷ್ಟು ಗಂಟೆಗೆ ಯಾವುದು ಅಂತ. ನುಂಗಿದ್ದು ಮರೆತು ಮತ್ತೆ ನುಂಗುವುದು ನೋವಿನಲ್ಲಿ ಸಹಜ. ಕೊನೆಗೆ ಉಳಿದ ಟ್ರಮಡಾಲನ್ನು ‘ಮುಂದಕ್ಕೆ ಬೇಕಾಗ್ತದೆ’ ಅಂತ ಇಡುವುದು ಬೇಡ, ತಿಪ್ಪೆಗೂ ಎಸೆಯುವುದು ಬೇಡ. 2025ರಲ್ಲಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 17 ಔಷಧಿಗಳ ಪಟ್ಟಿ ಮಾಡಿ, ಉಳಿದರೆ ಶೌಚಾಲಯಕ್ಕೆ ಹಾಕಿ ನೀರು ಬಿಡಿ ಅಂತ ಹೇಳಿದೆ. ಟ್ರಮಡಾಲ್, ಟ್ಯಾಪೆಂಟಡಾಲ್, ಮಾರ್ಫಿನ್ ಅದರಲ್ಲಿವೆ. ಒಂದು ಮಾತ್ರೆಯೂ ಮಗುವಿನ ಕೈಗೆ ಸಿಗಬಾರದು ಅನ್ನುವ ಕಾರಣಕ್ಕೆ. ಉಳಿದ ಬೇರೆ ಮಾತ್ರೆಗಳನ್ನು ಏನು ಮಾಡಬೇಕು ಅಂತ ಮೆಡಿಕಲ್ಸ್‌ನವರನ್ನೇ ಕೇಳೋಣ. ಅವನ್ನು ನೀರಿಗಂತೂ ಹಾಕುವುದು ಬೇಡ.

ಮುಂದಿನ ತಪಾಸಣೆಗೆ ಹೋಗುವಾಗ ಚೀಟಿ, ಮುಗಿದ ಪಟ್ಟಿಗಳು, ಕ್ಯಾಲೆಂಡರಿನ ಆ ಹಾಳೆ, ಎಲ್ಲ ತೆಗೆದುಕೊ. ‘ನೋವು ಹೇಗಿದೆ’ ಅಂದರೆ ‘ಪರವಾಗಿಲ್ಲ’ ಅನ್ನಬೇಡ. ರಾತ್ರಿ ನಿದ್ದೆ ಬರುತ್ತದೋ, ಎಷ್ಟು ಹೆಜ್ಜೆ ನಡೆಯುತ್ತೀಯ, ಹತ್ತಕ್ಕೆ ಎಷ್ಟು ನೋವು ಅಂತ ಹೇಳು. ಯಾವ ಮಾತ್ರೆಯನ್ನು ಯಾವಾಗ ನಿಲ್ಲಿಸಬೇಕು ಅಂತ ಕೇಳಿ ಚೀಟಿಯಲ್ಲೇ ಬರೆಸಿಕೊ. ಅಪ್ಪನ ಮಂಡಿನೋವಿಗೆ ಬೇರೆ ಚೀಟಿ ಮಾಡಿಸೋಣ, ಅವನ ಬಿಪಿ ಮಾತ್ರೆಯ ಪಟ್ಟಿಯನ್ನೂ ಚೀಲಕ್ಕೆ ಹಾಕು. ಬಸ್ಸಿನಲ್ಲಿ ನಿನಗೆ ಕಾಲು ಚಾಚಲು ಆಗುವುದಿಲ್ಲ, ಕಾರಿಗೆ ಹೇಳಿದ್ದೇನೆ. ನಾನೂ ಬರುತ್ತೇನೆ.